ಗ್ರೂಪಿಗೆ ಹಾಕಿದ್ದು ನಾಲ್ಕು ಜನಕ್ಕೆ ಅರ್ಥ ಆಗ್ಬೇಕಂದ್ರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಡಿಕೆ ತೋಟದ್ದು, ಊರ ಶಾಲೇದು, ದೇವಸ್ಥಾನದ್ದು, ಆಟದ್ದು ಅಂತ ನಮ್ಮ ಉತ್ತರ ಕನ್ನಡ ಜಿಲ್ಲೇಲಿ ಸಿರ್ಸಿ ಸಿದ್ದಾಪುರದಿಂದ ಹಿಡ್ದು ಕುಮ್ಟಾ, ಅಂಕೋಲಾ, ಕಾರವಾರದ ತನಕ ಒಬ್ಬೊಬ್ರ ಮೊಬೈಲಲ್ಲೂ ಹತ್ತಾರು ವಾಟ್ಸಾಪ್ ಗ್ರೂಪು ಇದ್ದಾವೆ. ಹೊಸಬ್ರು ಸೇರಿದಾಗೆಲ್ಲ ಅದದೇ ಗೊಂದಲ, ಅದದೇ ಜಗಳ, ಹಾಗಾಗಿ ಒಂದ್ ಕಡೆ ಬರ್ದಿಟ್ಟದ್ದು ಇದು.

ಓದೋ ಮೊದ್ಲು ಒಂದ್ ಸಂಗ್ತಿ. ನಮ್ಮ ಕಡೆ ಸುಮಾರು ಜನ್ರಿಗೆ ಮನೇಲಿ ನೆಟ್‌ವರ್ಕೇ ಇಲ್ಲ. ಗುಡ್ಡ ಹತ್ತಿದ್ರೆ ಒಂದ್ ಕಡ್ಡಿ, ಪೇಟೆಗೆ ಬಂದ್ರೆ ಪೂರ್ತಿ. ಮಳೆಗಾಲ್ದಲ್ಲಿ ಕರೆಂಟ್ ಹೋದ್ರೆ ಟವರೂ ಮಲಗ್ತದೆ. ನೀವು ಬೆಳಿಗ್ಗೆ ಹತ್ತಕ್ಕೆ ಬರ್ದದ್ದನ್ನ ಒಬ್ರು ರಾತ್ರಿ ಓದ್ತಾರೆ, ಇನ್ನೊಬ್ರು ಮರುದಿನ ಸೊಸೈಟಿ ಬಾಗ್ಲಲ್ಲಿ ನಿಂತು ಓದ್ತಾರೆ, ಮಧ್ಯೆ ಬಂದ ನೂರು ಮೆಸೇಜು ಒಟ್ಟಿಗೆ ಬಿದ್ದಿರ್ತದೆ. ಆಗ ಅವ್ರ ಪಕ್ಕ ನೀವು ಇರೋದಿಲ್ಲ, "ಅದಲ್ಲ ಮಾರಾಯ, ನಾ ಹೇಳಿದ್ದು ಇದು" ಅನ್ಲಿಕ್ಕೆ ಆಗೋದಿಲ್ಲ. ಮೆಸೇಜು ತನ್ನಷ್ಟಕ್ಕೆ ತಾನೇ ನಿಲ್ಬೇಕು. ಕೆಳಗಿನ ಹೆಚ್ಚಿನ ಉತ್ತರ ಇದ್ರಿಂದಲೇ ಹುಟ್ಟಿದ್ದು.

ನಾನು ಕೇಳಿದ್ರೆ ಯಾರೂ ಉತ್ತರವೇ ಕೊಡೋದಿಲ್ಲ. ನೋಡಿದ್ದಾರೆ ಅಂತ ಗೊತ್ತಾಗ್ತದೆ, ಆದ್ರೂ ಸುಮ್ನಿರ್ತಾರೆ. ಎಂತಕ್ಕೆ?

ಸೊಕ್ಕು ಅಂತ ತಿಳ್ಕೊಳ್ಬೇಡಿ. ಉತ್ತರ ಗೊತ್ತಿದ್ದವ್ರಿಗೆ ಉತ್ತರ ಕೊಡ್ಲಿಕ್ಕೆ ಬೇಕಾದ್ದು ಪ್ರಶ್ನೇಲಿ ಇರೋದಿಲ್ಲ, ಅಷ್ಟೇ. "ಅಡಿಕೆ ಉದುರ್ತಾ ಉಂಟು, ಎಂತ ಮಾಡೋದು?" ಅಂತ ಒಬ್ರು ಹಾಕ್ತಾರೆ ಅಂತಿಟ್ಕೊಳ್ಳಿ. ಮಳೆಗಾಲ್ದಲ್ಲಿ ಉದುರೋದಕ್ಕೆ ಕೊಳೆ ರೋಗ ಕಾರಣ ಇರ್ಬಹುದು, ಬೇಸಿಗೇಲಿ ಎಳೆ ಕಾಯಿ ಬಿದ್ರೆ ನೀರು ಸಾಕಾಗದೆ ಇರ್ಬಹುದು, ತಿಗಣೆ ಕಾಟ ಇರ್ಬಹುದು, ಸಿಂಗಾರ (ಅಡಿಕೆ ಹೂ) ಒಣಗೋ ರೋಗ ಇರ್ಬಹುದು. ಒಂದೊಂದಕ್ಕೂ ಔಷಧಿ ಬೇರೆ. ಗೊತ್ತಿದ್ದವ್ರು ಇದನ್ನ ನೋಡಿ "ಇನ್ನು ಇವ್ರ ಹತ್ರ ಹತ್ತು ಪ್ರಶ್ನೆ ಕೇಳ್ಬೇಕಲ್ಲ" ಅಂತ ಮೊಬೈಲ್ ಕೆಳಗಿಡ್ತಾರೆ. ಗೊತ್ತಿಲ್ಲದವ್ರು ಮಾತ್ರ ಧೈರ್ಯವಾಗಿ ಉತ್ತರ ಕೊಡ್ತಾರೆ, ಅದು ಇನ್ನೂ ಅಪಾಯ.

ಅದೇ ಪ್ರಶ್ನೆನ ಹೀಗೆ ಕೇಳಿ ನೋಡಿ: "ತೋಟ ಸಿದ್ದಾಪುರ ಕಡೆ, ಒಂದ್ ಎಕರೆ. ಜೂನ್ ಮೊದಲ್ನೇ ವಾರ 1% ಬೋರ್ಡೋ ಔಷಧಿ (ಮೈಲುತುತ್ತು ಸುಣ್ಣದ್ದು) ಒಂದ್ಸಲ ಹೊಡ್ಸಿದ್ದು, ಎರಡ್ನೇದು ಮಳೆ ಬಿಡದೆ ಆಗ್ಲಿಲ್ಲ. ಜುಲೈ 28ರಿಂದ ಹಸಿ ಕಾಯಿ ಉದುರ್ತಾ ಉಂಟು, ತೊಟ್ಟಿನ ಹತ್ರ ನೀರು ಹಿಡ್ದ ಹಾಗೆ ಕಲೆ, ಬಿದ್ದ ಕಾಯಿಗೆ ಬಿಳಿ ಬೂಸ್ಟು. ಈಗ ಮಳೆ ಬಿಟ್ಟು ಸಣ್ಣ ಹೊಳವಾದ್ರೆ ಹೊಡ್ಸ್ಬಹುದಾ, ಇಲ್ಲ ಪೂರ್ತಿ ಬಿಸಿಲು ಕಾಯ್ಬೇಕಾ?" ಇದಕ್ಕೆ ಉತ್ತರ ಬಂದೇ ಬರ್ತದೆ, ಯಾಕಂದ್ರೆ ಓದಿದವ್ರಿಗೆ ನಿಮ್ಮ ತೋಟ ಕಣ್ಣಿಗೆ ಕಾಣ್ತದೆ. ಮೊದ್ಲನೇ ಔಷಧಿ ಆಗಿ 40-45 ದಿನಕ್ಕೆ ಎರಡ್ನೇದು ಆಗ್ಬೇಕಿತ್ತು, ಆಗ್ಲಿಲ್ಲ ಅಂತ ಅವ್ರೇ ಲೆಕ್ಕ ಹಾಕ್ತಾರೆ. ಎಲ್ಲಿ, ಯಾವಾಗಿಂದ, ಎಂತ ಕಾಣ್ತಾ ಉಂಟು, ಈಗಾಗ್ಲೇ ಎಂತ ಮಾಡಿದ್ರಿ, ಈಗ ಎಂತ ಗೊತ್ತಾಗ್ಬೇಕು, ಇಷ್ಟು ಬಂದ್ರೆ ಆಯ್ತು. ಕೊನೇದನ್ನ ಬರೀದೆ ಬಿಡೋರು ಜಾಸ್ತಿ: ಕಷ್ಟ ಎಲ್ಲಾ ಹೇಳ್ತಾರೆ, ಎಂತ ಬೇಕು ಅಂತ ಹೇಳೋದಿಲ್ಲ.

"ಒಂದು ಪ್ರಶ್ನೆ ಕೇಳ್ಬಹುದಾ?" ಅಂತ ಮೊದ್ಲು ಕೇಳೋದು ಮರ್ಯಾದೆ ಅಲ್ದಾ?

ಎದುರಿಗಿದ್ರೆ ಹೌದು. ಗ್ರೂಪಲ್ಲಿ ಅದ್ರಿಂದ ಒಂದ್ ದಿನ ಹೋಗ್ತದೆ. ನೀವು ಬೆಳಿಗ್ಗೆ "ಕೇಳ್ಬಹುದಾ" ಅಂತೀರಿ, ಸಂಜೆ ಒಬ್ರು "ಕೇಳಿ" ಅಂತಾರೆ, ಅಷ್ಟ್ ಹೊತ್ತಿಗೆ ನೀವು ನೆಟ್‌ವರ್ಕ್ ಇಲ್ಲದ ಕಡೆ. "ಎಲ್ಲರಿಗೂ ನಮಸ್ಕಾರ" ಅಂತ ಅದೇ ಮೆಸೇಜಿನ ಮೊದಲ್ನೇ ಸಾಲಲ್ಲಿ ಬರ್ದು ಕೆಳಗೇ ಪ್ರಶ್ನೆ ಬರೀರಿ, ಮರ್ಯಾದೆಯೂ ಉಳೀತು, ಕೆಲ್ಸವೂ ಆಯ್ತು.

"ನಾಳೆ", "ಈಗಷ್ಟೇ", "ಇಲ್ಲಿ" ಅಂತ ಬರ್ದ್ರೆ ಎಲ್ರೂ ಬೈತಾರಲ್ಲ?

ಬೈಬೇಕಾದ್ದೇ. "ನಾಳೆ ಕರೆಂಟ್ ಇಲ್ಲ" ಅಂತ ಸೋಮವಾರ ಹಾಕಿದ್ದು ಒಬ್ರ ಮೊಬೈಲಿಗೆ ಮಂಗಳವಾರ ಬಿದ್ರೆ ಅವ್ರು ಬುಧವಾರ ಪಂಪ್ ಶುರು ಮಾಡದೆ ಕೂರ್ತಾರೆ. ಅದೇ ಮೆಸೇಜು ಬೇರೆ ಗ್ರೂಪಿಗೆ ಹೋದ್ರೆ ಮುಗೀತು, ಆ ನಾಳೆ ಯಾವ ನಾಳೆ ಅಂತ ಯಾರಿಗೂ ಗೊತ್ತಿಲ್ಲ. ವಾರ, ತಾರೀಕು ಎರಡೂ ಹಾಕಿ, ಒಂದು ತಪ್ಪಾದ್ರೆ ಇನ್ನೊಂದ್ರಿಂದ ಗೊತ್ತಾಗ್ತದೆ. ರಾತ್ರಿ ರೈಲಿನ ವಿಷಯದಲ್ಲಿ ಡಬಲ್ ಜಾಗ್ರತೆ. ಕುಮ್ಟಾಕ್ಕೋ ಅಂಕೋಲಾಕ್ಕೋ ರಾತ್ರಿ 12-30ಕ್ಕೆ ಬರೋ ಗಾಡಿ "ಶನಿವಾರ ರಾತ್ರಿ" ಅಂದ್ರೆ ಟಿಕೇಟಲ್ಲಿ ಭಾನುವಾರದ ತಾರೀಕು ಇರ್ತದೆ. "ಶನಿವಾರ ರಾತ್ರಿ ಕಳ್ದು ಭಾನುವಾರ ಬೆಳಗಿನ ಜಾವ 12-30" ಅಂತ ಉದ್ದ ಆದ್ರೂ ಅಡ್ಡಿಲ್ಲ, ಸ್ಟೇಷನ್ನಲ್ಲಿ ಒಂದ್ ದಿನ ತಡವಾಗಿ ನಿಲ್ಲೋದಕ್ಕಿಂತ ಒಳ್ಳೇದು.

ಜಾಗದ್ದೂ ಹಾಗೇ. 2024ರ ಜುಲೈ 16ಕ್ಕೆ ಗುಡ್ಡ ಕುಸಿದದ್ದು ಅಂಕೋಲಾ ತಾಲೂಕಿನ ಶಿರೂರಲ್ಲಿ, ಗಂಗಾವಳಿ ಹೊಳೆ ದಂಡೇಲಿ. ಭಟ್ಕಳ ದಾಟಿ ಉಡುಪಿ ಜಿಲ್ಲೆ ಬೈಂದೂರು ತಾಲೂಕಿಗೆ ಹೋದ್ರೆ ಅಲ್ಲೂ ಒಂದ್ ಶಿರೂರು ಉಂಟು, ಅದೂ ಅದೇ 66ನೇ ನಂಬರ್ ಹೈವೇ ಮೇಲೇ. "ಶಿರೂರಲ್ಲಿ ರಸ್ತೆ ಬಂದ್" ಅಂತಷ್ಟೇ ಬರ್ದ್ರೆ ಮುಂಬೈಯಲ್ಲೋ ಬೆಂಗಳೂರಲ್ಲೋ ಕೂತ ಮಕ್ಕಳಿಗೆ ಎಂತ ತಿಳೀಬೇಕು? ತಾಲೂಕು ಹೆಸ್ರು ಹಾಕ್ಲಿಕ್ಕೆ ಎರಡು ಸೆಕೆಂಡು.

ಫೋಟೋ ಹಾಕಿದ್ರೆ ಸಾಲ್ದಾ, ಬರೀಲೇಬೇಕಾ?

ಸಾಲೋದಿಲ್ಲ. ಎಲೆ ಚುಕ್ಕೆ ರೋಗದ ಫೋಟೋ ಅಂತ ಇಪ್ಪತ್ತಡಿ ಮೇಲಿನ ಅಡಿಕೆ ಮರದ ಹೆಡೆನ ಕೆಳಗಿಂದ ಆಕಾಶಕ್ಕೆ ಹಿಡ್ದು ತೆಗ್ದ್ರೆ ಕಾಣೋದು ಕಪ್ಪು ಮಾತ್ರ. ಒಂದು ಎಲೆ ಕೆಳಗೆ ತಂದು, ಬೆಳಕು ನಿಮ್ಮ ಬೆನ್ನಿಗೆ ಇರೋ ಹಾಗೆ ನಿಂತು ಹತ್ರದಿಂದ ಒಂದು, ಇಡೀ ಮರದ್ದು ಒಂದು, ಎರಡೇ ಸಾಕು. ಪಕ್ಕದಲ್ಲಿ ಪೆನ್ನೋ ನಾಣ್ಯವೋ ಇಟ್ರೆ ಕಲೆ ಎಷ್ಟು ದೊಡ್ಡದು ಅಂತ ಗೊತ್ತಾಗ್ತದೆ. ವಾಟ್ಸಾಪು ಫೋಟೋನ ಕುಗ್ಗಿಸಿ ಕಳಿಸ್ತದೆ, ಕಳಿಸೋ ಮೊದ್ಲು ಮೇಲೆ ಎಚ್‌ಡಿ ಅಂತ ಇರೋದನ್ನ ಒತ್ತಿ, ಇಲ್ದಿದ್ರೆ ಡಾಕ್ಯುಮೆಂಟ್ ಅಂತ ಕಳ್ಸಿ. ಪಹಣಿ, ನೋಟೀಸು, ಸಣ್ಣ ಅಕ್ಷರದ ಕಾಗ್ದ ಆದ್ರಂತೂ ಡಾಕ್ಯುಮೆಂಟೇ ಬೇಕು. ಆದ್ರೆ ಆಧಾರ್ ನಂಬರು, ಬ್ಯಾಂಕ್ ಪಾಸ್‌ಬುಕ್ಕು ಕಾಣೋ ಕಾಗ್ದ ಯಾವ್ದನ್ನೂ ಗ್ರೂಪಿಗೆ ಹಾಕ್ಬೇಡಿ.

ಫೋಟೋ ಜೊತೆ ಎರಡು ಸಾಲು ಬರೀದಿದ್ರೆ ಇನ್ನೊಂದ್ ತೊಂದ್ರೆ. ನೆಟ್ಟು ನಿಧಾನ ಇದ್ದವ್ರಿಗೆ ಫೋಟೋ ತೆರ್ಕೊಳ್ಳೋದೇ ಇಲ್ಲ, ಮಸುಕು ಚೌಕ ಒಂದು ತಿರುಗ್ತಾ ಇರ್ತದೆ. ಬರ್ದದ್ದು ಎಷ್ಟು ನಿಧಾನದ ನೆಟ್ಟಲ್ಲೂ ಬರ್ತದೆ. ಲಿಂಕಿಗೂ ಇದೇ ಮಾತು: ಬರೀ ಲಿಂಕ್ ಎಸೀಬೇಡಿ, ಒಳಗೆ ಎಂತ ಉಂಟು ಅಂತ ಒಂದು ಸಾಲು.

ರೇಟು, ಅಳತೆ, ಔಷಧಿ ಪ್ರಮಾಣ ಬರೀವಾಗ ಎಂತ ನೋಡ್ಬೇಕು?

ನಂಬರಿನ ಹಿಂದೆ ಮುಂದೆ ಎಂತ ಇದೆ ಅಂತ. "ಇವತ್ತು ರೇಟು 40" ಅಂದ್ರೆ ಯಾವ್ದಕ್ಕೆ? ಅಡಿಕೇಲೇ ಎಷ್ಟೋ ಬಗೆ, ಚಾಲಿಗಾ, ರಾಶಿಗಾ, ಬೆಟ್ಟೆಗಾ, ಕೆಂಪುಗೋಟಿಗಾ? ಸಿರ್ಸಿ ಯಾರ್ಡಿಂದಾ, ಯಲ್ಲಾಪುರದ್ದಾ, ಸಿದ್ದಾಪುರದ್ದಾ? ಜಾಸ್ತಿ ಹೋದ ಒಂದು ಲಾಟಿನ ರೇಟಾ, ಸರಾಸರಿಯಾ? ಒಂದೇ ಒಂದು ಒಳ್ಳೇ ಲಾಟಿಗೆ ಸಿಕ್ಕಿದ ರೇಟು ನೋಡಿ ಚೀಲ ಹೊರಿಸ್ಕೊಂಡು ಹೋದವ್ರು ಸುಮ್ನೆ ಬೇಜಾರು ಮಾಡ್ಕೊಳ್ತಾರೆ. ತಾರೀಕು, ಮಾರ್ಕೆಟ್ಟು, ಬಗೆ, ಕ್ವಿಂಟಾಲಿಗೆ ಕಡಿಮೆ ಎಷ್ಟು ಜಾಸ್ತಿ ಎಷ್ಟು, ಇಷ್ಟೂ ಬೇಕು.

ಔಷಧಿ ವಿಷಯದಲ್ಲಿ ಅಂದಾಜು ಬೇಡ್ವೇ ಬೇಡ. "ಒಂದು ಕೆಜಿ ತುತ್ತು, ಒಂದು ಕೆಜಿ ಸುಣ್ಣ" ಅಂತ ಬರ್ದು ನೀರು ಎಷ್ಟು ಅಂತ ಬಿಟ್ರೆ ಹೊಸ್ದಾಗಿ ತೋಟ ಮಾಡೋರು ಇನ್ನೂರು ಲೀಟರಿನ ಡ್ರಮ್ಮಿಗೆ ಹಾಕ್ತಾರೆ, ಅರ್ಧ ಬಲ. 1% ಬೋರ್ಡೋ ಅಂದ್ರೆ 100 ಲೀಟರಿಗೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ, ಎರಡನ್ನೂ ಬೇರೆ ಬೇರೆ 50 ಲೀಟರಲ್ಲಿ ಕರಗಿಸಿ ತುತ್ತಿನ ನೀರನ್ನ ಸುಣ್ಣದ ನೀರಿಗೆ ಹಾಕೋದು, ಆಮೇಲೆ ಹೊಳೆಯೋ ಕತ್ತಿನೋ ಬ್ಲೇಡೋ ಅದ್ದಿ ನೋಡೋದು, ಕೆಂಪು ಹಿಡಿದ್ರೆ ತುತ್ತು ಜಾಸ್ತಿ ಅಂತ ಅರ್ಥ, ಇನ್ನಷ್ಟು ಸುಣ್ಣ ಬೇಕು. ಹೇಳೋದಾದ್ರೆ ಇಷ್ಟೂ ಹೇಳಿ, ಇಲ್ಲ ಗೊತ್ತಿದ್ದವ್ರು ಹೇಳ್ಲಿ ಅಂತ ಸುಮ್ನಿರಿ.

ಎಷ್ಟು ಉದ್ದ ಬರೀಬಹುದು?

ಬೇಕಾದಷ್ಟು, ಆದ್ರೆ ಉಸಿರು ಬಿಡ್ಲಿಕ್ಕೆ ಜಾಗ ಇಟ್ಟು. ಉದ್ದದ ಮೆಸೇಜನ್ನ ವಾಟ್ಸಾಪು ಅರ್ಧಕ್ಕೆ ಮಡಚಿ "ಇನ್ನಷ್ಟು ಓದಿ" ಅಂತ ತೋರಿಸ್ತದೆ, ತುಂಬ ಜನ ಅದನ್ನ ಒತ್ತೋದೇ ಇಲ್ಲ. ಹಾಗಾಗಿ ಮುಖ್ಯ ಸಂಗ್ತಿ ಮೊದಲ ಎರಡು ಸಾಲಲ್ಲೇ ಬರ್ಬೇಕು. ನಮ್ಮವ್ರಿಗೆ ಅಭ್ಯಾಸ ಹೆಂಗೆ ಅಂದ್ರೆ ಪೀಠಿಕೆ, ಹಿನ್ನೆಲೆ, ಅಜ್ಜನ ಕಾಲದ ಕತೆ ಎಲ್ಲಾ ಆಗಿ ಕೊನೇ ಸಾಲಲ್ಲಿ "ಹಾಗಾಗಿ ಭಾನುವಾರದ ಮೀಟಿಂಗು ಇಲ್ಲ" ಅಂತ. ಯಕ್ಷಗಾನದಲ್ಲಿ ಪಾತ್ರ ಬರೋವಾಗಿನ ಒಡ್ಡೋಲಗ ಚಂದ, ನೋಟೀಸಲ್ಲಿ ಅಲ್ಲ.

ಮೂರ್ನಾಲ್ಕು ವಾಕ್ಯ ಆದ್ಮೇಲೆ ಒಂದ್ ಸಾಲು ಖಾಲಿ ಬಿಡಿ. ಮೊಬೈಲ್ ಪರದೆ ಸಣ್ಣದು, ಖಾಲಿ ಸಾಲಿಲ್ದಿದ್ರೆ ಎಲ್ಲಿ ಓದ್ತಾ ಇದ್ದೆ ಅಂತ ಕಣ್ಣು ಕಳ್ಕೊಳ್ತದೆ. ತಾರೀಕು, ಜಾಗದ ಹೆಸ್ರಿನ ಆಚೆ ಈಚೆ ಒಂದೊಂದು ನಕ್ಷತ್ರದ ಗುರ್ತು ಹಾಕಿದ್ರೆ ದಪ್ಪ ಅಕ್ಷರ ಆಗ್ತದೆ. ಪೂರ್ತಿ ಮೆಸೇಜನ್ನೇ ದಪ್ಪ ಮಾಡಿದ್ರೆ ಯಾವ್ದೂ ದಪ್ಪ ಅಲ್ಲ.

ಮತ್ತೆ ಚುಕ್ಕಿ. ಫುಲ್‌ಸ್ಟಾಪ್ ಹಾಕ್ಲಿಕ್ಕೆ ದುಡ್ಡು ಕೊಡ್ಬೇಕಾಗಿಲ್ಲ. "ಬರ್ತೇನೆ ಇಲ್ಲ ಅಂದ್ರೆ ಫೋನ್ ಮಾಡ್ತೇನೆ" ಅಂತ ಬರ್ದ್ರೆ ಬರ್ತೀರೋ ಇಲ್ವೋ? "ಬರ್ತೇನೆ. ಇಲ್ಲ ಅಂದ್ರೆ ಫೋನ್ ಮಾಡ್ತೇನೆ." ಈಗ ಸರಿ.

ನಾನು ಒಂದೊಂದೇ ಸಾಲು ಕಳಿಸ್ತೇನೆ, ಮಾತಾಡಿದ ಹಾಗಿರ್ತದೆ. ತಪ್ಪಾ?

ಇಬ್ರೇ ಮಾತಾಡ್ವಾಗ ಅಡ್ಡಿಲ್ಲ. ಗ್ರೂಪಲ್ಲಿ "ಎಂತ ಆಯ್ತು ಅಂದ್ರೆ", "ನಿನ್ನೆ", "ನಾವು ಹೋಗಿದ್ವಾ", "ಅಲ್ಲಿ" ಅಂತ ಆರೇಳು ತುಂಡು ಹಾಕಿದ್ರೆ ಮಧ್ಯೆ ಬೇರೆಯವ್ರ ಮೆಸೇಜು ಸೇರ್ಕೊಳ್ತದೆ, ಯಾರ ಬಾಲ ಯಾರಿಗೆ ಅಂತ ಗೊತ್ತಾಗೋದಿಲ್ಲ. ನೆಟ್ಟು ಮಧ್ಯೆ ಹೋದ್ರೆ ಅರ್ಧ ಮಾತ್ರ ಹೋಗಿ ಇನ್ನರ್ಧ ನಿಮ್ಮ ಮೊಬೈಲಲ್ಲೇ ಗಡಿಯಾರದ ಗುರ್ತು ಹೊತ್ಕೊಂಡು ಕೂತಿರ್ತದೆ. ಪೂರ್ತಿ ಬರ್ದು, ಒಂದ್ಸಲ ಓದಿ, ಒಟ್ಟಿಗೆ ಕಳ್ಸಿ.

ಕನ್ನಡನ ಇಂಗ್ಲಿಷ್ ಅಕ್ಷರದಲ್ಲಿ ಬರ್ದ್ರೆ ಎಂತ ತೊಂದ್ರೆ? ಎಲ್ರಿಗೂ ಅರ್ಥ ಆಗ್ತದಲ್ಲ.

ಸಣ್ಣ ಮಾತಿಗೆ ಆಗ್ತದೆ, ಯಾರೂ ಬೇಡ ಅನ್ನೋದಿಲ್ಲ. ತೊಂದ್ರೆ ಆಗೋದು ಉದ್ದ ಬರ್ದಾಗ. ಇಂಗ್ಲಿಷ್ ಅಕ್ಷರದಲ್ಲಿ ಬೆಲೆಗೂ ಬೆಳೆಗೂ ವ್ಯತ್ಯಾಸ ಇಲ್ಲ, ಕೊಳೆಗೂ ಕೊಲೆಗೂ ಇಲ್ಲ, ಮರಕ್ಕೂ ಮಾರಕ್ಕೂ ಇಲ್ಲ. "ಈ ವರ್ಷ ಬೆಲೆ ಹೆಂಗೆ" ಅಂತ ಕೇಳಿದ್ದಕ್ಕೆ ಮಳೆ, ಫಸಲಿನ ಕತೆ ಉತ್ತರವಾಗಿ ಬರ್ತದೆ. ಇನ್ನು ಊರಲ್ಲಿ ವಯಸ್ಸಾದವ್ರು ಎಷ್ಟೋ ಜನ ಕನ್ನಡ ಪೇಪರು ಸಲೀಸಾಗಿ ಓದ್ತಾರೆ, ಇಂಗ್ಲಿಷ್ ಅಕ್ಷರ ಕೂಡಿಸಿ ಕೂಡಿಸಿ ಓದೋದು ಅವ್ರಿಗೆ ಹಿಂಸೆ. ತೋಟದ ಬಗ್ಗೆ ನಿಜವಾಗಿ ಗೊತ್ತಿರೋರೂ ಅವ್ರೇ.

ಕನ್ನಡ ಟೈಪ್ ಮಾಡ್ಲಿಕ್ಕೆ ಬರೋದಿಲ್ಲ, ಸುಲಭದ ದಾರಿ ಉಂಟಾ?

ಗೂಗಲ್ಲಿನ ಜಿಬೋರ್ಡ್ ಹಾಕ್ಕೊಂಡು ಕನ್ನಡ ಸೇರಿಸಿ. ಅದ್ರಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರ್ಸೋದು ಉಂಟು, ಬೆರಳಲ್ಲಿ ಪರದೆ ಮೇಲೆ ಬರ್ದ್ರೆ ಅಕ್ಷರ ಆಗೋದು ಉಂಟು, ಮೈಕ್ ಒತ್ತಿ ಮಾತಾಡಿದ್ರೆ ಬರ್ಕೊಳ್ಳೋದೂ ಉಂಟು. ಕೈಬರಹದ್ದು ಹಿರಿಯರಿಗೆ ಬಹಳ ಹಿಡಿಸ್ತದೆ. ಮಾತಾಡಿ ಬರ್ಸಿದ್ರೆ ಕಳಿಸೋ ಮೊದ್ಲು ಓದ್ಲೇಬೇಕು, ನಮ್ಮ ಕಡೆ ಉಚ್ಚಾರ ಅದಕ್ಕೆ ಪೂರ್ತಿ ಹಿಡಿಯೋದಿಲ್ಲ, ಊರ ಹೆಸ್ರನ್ನಂತೂ ಬಾಯಿಗೆ ಬಂದ ಹಾಗೆ ಬರೀತದೆ.

ಸೊಸೈಟಿ, ಶಾಲೆ, ಪಂಚಾಯ್ತಿಯ ಕಂಪ್ಯೂಟರಿಂದ ಕಾಪಿ ಮಾಡಿ ಹಾಕಿದ್ದು ಕೆಲವು ಸಲ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲಾ ಕಲೆಸಿದ ಹಾಗೆ ಕಾಣ್ತದೆ. ಅದು ವೈರಸ್ಸಲ್ಲ. ನುಡಿ, ಬರಹದ ಹಳೇ ಫಾಂಟಲ್ಲಿ ಟೈಪ್ ಮಾಡಿದ್ದು. ಆ ಫಾಂಟುಗಳಲ್ಲಿ ಕಂಪ್ಯೂಟರಿನ ಒಳಗೆ ಇರೋದು ಇಂಗ್ಲಿಷ್ ಅಕ್ಷರವೇ, ಮೇಲೆ ಕನ್ನಡದ ವೇಷ ಅಷ್ಟೇ, ಫಾಂಟು ಇಲ್ಲದ ಮೊಬೈಲಿಗೆ ಬಂದ್ರೆ ವೇಷ ಕಳಚ್ತದೆ. ಯುನಿಕೋಡಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದ್ರೂ ಆಫೀಸುಗಳಿಗೆ ಅಭ್ಯಾಸ ಆಗ್ಲಿಕ್ಕೆ ತುಂಬ ವರ್ಷ ಹಿಡೀತು. ಯುನಿಕೋಡಿಗೆ ಬದ್ಲಿಸೋ ಪರಿವರ್ತಕ ನೆಟ್ಟಲ್ಲಿ ಪುಕ್ಕಟೆ ಸಿಗ್ತದೆ, ಅದ್ರಲ್ಲಿ ಹಾಕಿ ಬದ್ಲಿಸಿ ಆಮೇಲೆ ಕಳ್ಸಿ. ತಿಳೀದಿದ್ರೆ ಪಿಡಿಎಫ್ ಮಾಡಿ.

ವಾಯ್ಸ್ ಮೆಸೇಜ್ ಹಾಕ್ಬಹುದಾ?

ಬರೀಲಿಕ್ಕೆ ಆಗದವ್ರು, ಕಣ್ಣು ಮಂಜಾದವ್ರು ಧಾರಾಳ ಹಾಕ್ಲಿ, ಅವ್ರಿಗೆ ಯಾರೂ ಎಂತದೂ ಅನ್ಬಾರ್ದು. ಉಳಿದವ್ರು ಒಂದ್ ವಿಷಯ ನೋಡಿ: ವಾಯ್ಸನ್ನ ಬಸ್ಸಲ್ಲಿ ಕೇಳ್ಲಿಕ್ಕೆ ಆಗೋದಿಲ್ಲ, ಹಾರಿಸಿ ಓದ್ಲಿಕ್ಕೆ ಆಗೋದಿಲ್ಲ, ಆರು ತಿಂಗಳ ಮೇಲೆ ಹುಡುಕ್ಲಿಕ್ಕೂ ಆಗೋದಿಲ್ಲ. ಹಾಕೋದೇ ಆದ್ರೆ ಕೆಳಗೆ "ಏಪ್ರಿಲ್ 12, ಶ್ರಮದಾನ, ಬೆಳಿಗ್ಗೆ 8, ಎಲ್ರೂ ಕತ್ತಿ ತರ್ಬೇಕು" ಅಂತ ಒಂದು ಸಾಲು ಬರ್ದು ಬಿಡಿ.

ಹವ್ಯಕದಲ್ಲೋ ಕೊಂಕಣಿಲೋ ಬರೀಬಹುದಾ, ಇಲ್ಲ ಪುಸ್ತಕದ ಕನ್ನಡವೇ ಬೇಕಾ?

ಮನೆಮಾತಲ್ಲಿ ಬರೀರಿ, ಅದ್ರ ಸುಖವೇ ಬೇರೆ. ಆದ್ರೆ ಗ್ರೂಪಲ್ಲಿ ಯಾರಿದ್ದಾರೆ ನೋಡಿ. ನಮ್ಮ ಜಿಲ್ಲೇಲಿ 12 ತಾಲೂಕು, ಘಟ್ಟದ ಮೇಲೆ ಹವ್ಯಕ, ಕಾರವಾರದಲ್ಲಿ ಕೊಂಕಣಿ, ಅಂಕೋಲಾ ಕುಮ್ಟಾ ಕಡೆ ಹಾಲಕ್ಕಿ ಜನರ ಮಾತು, ಭಟ್ಕಳದಲ್ಲಿ ನವಾಯತಿ, ಹಳಿಯಾಳದಲ್ಲಿ ಮರಾಠಿ. ಕುಟುಂಬದ ಗ್ರೂಪಲ್ಲಿ "ಆನು ಬತ್ನಿಲ್ಲೆ" ಅಂದ್ರೆ ಸರಿ, ಎಲ್ಲ ಊರಿನವ್ರು ಇರೋ ಗ್ರೂಪಲ್ಲಿ "ನಾನು ಬರೋದಿಲ್ಲ" ಅಂದ್ರೆ ಯಾರೂ ತಲೆ ಕೆರ್ಕೊಳ್ಬೇಕಾಗಿಲ್ಲ. ಪುಸ್ತಕದ ಕನ್ನಡ ಬೇಡ್ವೇ ಬೇಡ. "ಸದರಿ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ" ಅಂತ ಶುರು ಮಾಡಿದ್ರೆ ಜನ ಕಂದಾಯದ ನೋಟೀಸು ಬಂತು ಅಂತ ಹೆದರ್ತಾರೆ.

ಗ್ರೂಪಲ್ಲಿ ಎಲ್ರನ್ನೂ ಹೆಂಗೆ ಕರೀಬೇಕು? ಸಣ್ಣವ್ರಿಗೂ "ನೀವು" ಅನ್ಬೇಕಾ?

ಅಂದ್ರೆ ಒಳ್ಳೇದು. ಮನೇಲಿ ಭಾವಂಗೆ ಏಕವಚನದಲ್ಲೇ ಮಾತಾಡಿ ಅಭ್ಯಾಸ ಇರ್ತದೆ, ಅದೇ ಭಾವ ಗ್ರೂಪಲ್ಲಿ ಸಂಘದ ಅಧ್ಯಕ್ಷ, ನೀವು "ಏ ನೀ ಸುಮ್ನಿರೋ" ಅಂತ ಹಾಕಿದ್ರೆ ನಿಮ್ಮಿಬ್ರಿಗೆ ಅದು ಸಲಿಗೆ, ಉಳಿದ ಇನ್ನೂರು ಜನಕ್ಕೆ ಅದು ಜಗಳ. ಹೆಗಡೇರೆ, ಭಟ್ರೆ, ನಾಯ್ಕರೆ, ಮಾಸ್ತರ್ರೆ, ಅಕ್ಕೋರೆ ಅಂತ ಬಾಯಲ್ಲಿ ಹೆಂಗೆ ಕರೀತೀರೋ ಹಂಗೇ ಬರೀರಿ. ಗೊತ್ತಿಲ್ಲದವ್ರಿಗೆ ಹೆಸ್ರಿನ ಮುಂದೆ "ಅವ್ರೆ" ಸಾಕು. ಎಲ್ರಿಗೂ "ಬ್ರೋ" ಅನ್ನೋದು ಈಗಿನ ಹುಡುಗ್ರಿಗೆ ಪ್ರೀತಿ ಇರ್ಬಹುದು, ಎಪ್ಪತ್ತು ದಾಟಿದವ್ರಿಗೆ ಅದು ಎಂತದು ಅಂತಲೇ ತಿಳಿಯೋದಿಲ್ಲ.

ನಾನು ತಮಾಷೆಗೆ ಹೇಳಿದ್ದು, ಎಲ್ರೂ ಸಿಟ್ಟಾದ್ರು. ಎಂತ ಮಾಡ್ಲಿ?

ಇದು ಹಳೇ ಕಾಯಿಲೆ, ಮೊಬೈಲ್ ಬರೋಕ್ಕಿಂತ ಮೊದ್ಲಿಂದ ಇದ್ದದ್ದು. ಅಮೆರಿಕದ ಕಾರ್ನೆಗಿ ಮೆಲನ್ ಯುನಿವರ್ಸಿಟಿಯಲ್ಲಿ ಕಂಪ್ಯೂಟರಲ್ಲಿ ಬರ್ಕೊಳ್ತಾ ಇದ್ದವ್ರಿಗೂ ತಮಾಷೆ ಯಾವ್ದು ನಿಜ ಯಾವ್ದು ಗೊತ್ತಾಗದೆ, ಸ್ಕಾಟ್ ಫಾಲ್‌ಮನ್ ಅನ್ನೋರು 1982ರ ಸೆಪ್ಟೆಂಬರ್ 19ಕ್ಕೆ ತಮಾಷೆ ಮಾತಿನ ಮುಂದೆ ಎರಡು ಚುಕ್ಕಿ, ಅಡ್ಡಗೆರೆ, ಬ್ರಾಕೆಟ್ ಸೇರಿಸಿ ನಗು ಮುಖ ಹಾಕೋಣ ಅಂದ್ರು. ಈಗಿನ ಇಮೋಜಿ ಎಲ್ಲಾ ಬಳಸೋದು ಅದೇ ಕೆಲ್ಸಕ್ಕೆ. ಮಾತಲ್ಲಿ ಆದ್ರೆ ಮುಖ, ಧ್ವನಿ, ಕಣ್ಣು ಹೊಡ್ಯೋದು ಎಲ್ಲಾ ಇರ್ತದೆ. "ದೊಡ್ಡ ಮನುಷ್ಯ ಬಂದ" ಅಂತ ನಗ್ತಾ ಹೇಳಿದ್ರೆ ಪ್ರೀತಿ, ಬರ್ದ್ರೆ ಕೊಂಕು.

ಹಾಗಂತ ನಗು ಮುಖ ಹಾಕಿದ ಕೂಡ್ಲೇ ಎಲ್ಲಾ ಮಾಫಿ ಅಂತಲ್ಲ. ಒಬ್ರ ಜಾತಿ, ಬಡತನ, ಮನೆ ಹೆಂಗಸ್ರು, ಮೈ ಬಣ್ಣದ ಬಗ್ಗೆ ಬರ್ದು ಮುಂದೆ ನಗು ಮುಖ ಹಾಕಿದ್ರೆ ಅದು ತಮಾಷೆ ಆಗೋದಿಲ್ಲ. ಸಿಟ್ಟಾದ್ರೆ "ತಮಾಷೆ ಗೊತ್ತಾಗೋದಿಲ್ವಾ" ಅನ್ಬೇಡಿ. "ತಪ್ಪಾಯ್ತು, ಬೇಜಾರಾಗ್ಬೇಡಿ" ಅಂತ ಅದೇ ಗ್ರೂಪಲ್ಲಿ ಹೇಳಿ, ಆಮೇಲೆ ಫೋನ್ ಮಾಡಿ ಮಾತಾಡಿ.

ಇಂಗ್ಲಿಷಲ್ಲಿ ಪೂರ್ತಿ ದೊಡ್ಡಕ್ಷರದಲ್ಲಿ ಬರ್ದ್ರೆ ಕೂಗಿದ ಹಾಗೆ ಅಂತ 1995ರಲ್ಲಿ ಬಂದ ಆರ್‌ಎಫ್‌ಸಿ 1855 ಅನ್ನೋ ಇಂಟರ್ನೆಟ್ ಶಿಷ್ಟಾಚಾರದ ಪಟ್ಟೀಲೇ ಉಂಟು. ಕನ್ನಡದಲ್ಲಿ ದೊಡ್ಡಕ್ಷರ ಇಲ್ಲ ಬಿಡಿ, ನಮ್ಮವ್ರು ಅದ್ರ ಬದ್ಲಿಗೆ ಏಳೆಂಟು ಆಶ್ಚರ್ಯಸೂಚಕ, ಸಾಲಾಗಿ ಕೆಂಪು ಮುಖ ಹಾಕಿ ಕೂಗ್ತಾರೆ. ಅದೇ ಪಟ್ಟೀಲಿ ಸಿಟ್ಟಿನ ಉತ್ತರನ ಒಂದ್ ರಾತ್ರಿ ತಡೆದು ಕಳ್ಸಿ ಅಂತಲೂ ಹೇಳಿದ್ದಾರೆ. ನಮ್ಮಲ್ಲಿ ಆ ರಾತ್ರಿನ ನೆಟ್‌ವರ್ಕೇ ಎಷ್ಟೋ ಸಲ ಪುಕ್ಕಟೆ ಕೊಡ್ತದೆ.

ಒಬ್ರು ತಪ್ಪು ಹಾಕಿದ್ದಾರೆ. ಎಲ್ರ ಎದುರು ಹೇಳ್ಬೇಕಾ?

ತಪ್ಪು ಎಂತದು ಅಂತ ನೋಡಿ. ಕಾಗುಣಿತದ್ದು ಆದ್ರೆ ಸುಮ್ನಿರಿ, ಅರ್ಥ ಆಯ್ತಲ್ಲ. ಅರವತ್ತರ ಮೇಲೆ ಮೊಬೈಲ್ ಕಲ್ತವ್ರು ಒತ್ತಕ್ಷರ ಬಿಟ್ರೂ ಅಂತ ಹುಡುಗ್ರು ನಗಾಡೋದು ನೋಡಿದ್ರೆ ಸಿಟ್ಟೇ ಬರ್ತದೆ. ಸ್ವಂತ ವಿಷಯದ ತಪ್ಪಾದ್ರೆ ಅವ್ರಿಗೊಬ್ರಿಗೇ ಮೆಸೇಜ್ ಮಾಡಿ. ಆದ್ರೆ ಔಷಧಿ ಪ್ರಮಾಣ, ತಾರೀಕು, ದುಡ್ಡಿನ ವಿಷಯ ಆದ್ರೆ ಗ್ರೂಪಲ್ಲೇ ಹೇಳ್ಬೇಕು, ಓದಿದವ್ರೆಲ್ಲಾ ಮಾಡಿ ಕೂತ್ರೆ ಕಷ್ಟ. ಹೇಳ್ವಾಗ ಮನುಷ್ಯನ ಬಗ್ಗೆ ಬೇಡ, ಮಾತಿನ ಬಗ್ಗೆ ಹೇಳಿ. "ನಿಮಗೆಂತ ಗೊತ್ತು" ಅನ್ನೋದರ ಬದ್ಲು "ಭಟ್ರೆ, ನೀರು 100 ಲೀಟರ್ ಅಲ್ದಾ? 200ಕ್ಕೆ ಅರ್ಧ ಬಲ ಆಗ್ತದೆ." ಯಾಕೆ ತಪ್ಪು ಅನ್ನೋದೂ ಅದ್ರಲ್ಲೇ ಬಂತು. ಅವ್ರು ಒಪ್ಲಿಲ್ಲ ಅಂದ್ರೆ ಇನ್ನೊಂದ್ಸಲ ಹೇಳಿ ಬಿಟ್ಬಿಡಿ, ಮೂರ್ನೇ ಸಲದಿಂದ ಅದು ಹಠ, ಓದೋರಿಗೆ ಬೇಜಾರು.

ಮಳೆಗಾಲ್ದಲ್ಲಿ ರಜೆ, ರಸ್ತೆ ಬಂದ್ ಅಂತ ಬರೋದನ್ನ ಕೂಡ್ಲೇ ಮುಂದೆ ಕಳಿಸ್ಬೇಕಲ್ದಾ? ಉಪಕಾರ ಅಲ್ದಾ?

ನಿಜ ಆದ್ರೆ ಉಪಕಾರ. ಜಿಲ್ಲಾಧಿಕಾರಿ ಆದೇಶ ಅಂತ ಬರೋದ್ರಲ್ಲಿ ಮೊದ್ಲು ತಾರೀಕು ನೋಡಿ, ವರ್ಷ ಸಮೇತ. ಹೋದ ವರ್ಷದ ಆದೇಶವೇ ಈ ವರ್ಷವೂ ತಿರುಗ್ತದೆ, ಸೀಲು ಸಹಿ ಎಲ್ಲಾ ಅಸಲಿ, ವರ್ಷ ಮಾತ್ರ ಹಳೇದು. ಆಮೇಲೆ ಯಾವ ತಾಲೂಕಿಗೆ ಅಂತ ನೋಡಿ, ಕರಾವಳಿಗೆ ಮಾತ್ರ ಕೊಟ್ಟ ರಜೆಯಲ್ಲಿ ಮುಂಡಗೋಡದ ಮಕ್ಕಳು ಮನೇಲಿ ಉಳೀಬಾರ್ದಲ್ಲ.

ಮೆಸೇಜಿನ ಮೇಲೆ ಎರಡು ಬಾಣದ ಗುರ್ತು ಇದ್ರೆ ಅದು ಕಡಿಮೆ ಅಂದ್ರೂ ಐದು ಕೈ ದಾಟಿ ಬಂದದ್ದು ಅಂತ ಅರ್ಥ. 2020ರ ಏಪ್ರಿಲಿಂದ ಅಂತದ್ದನ್ನ ಒಂದ್ಸಲಕ್ಕೆ ಒಂದೇ ಕಡೆ ಕಳಿಸ್ಲಿಕ್ಕೆ ಆಗೋದು. ಅಷ್ಟು ಕೈ ದಾಟಿದ್ದಕ್ಕೆ ಹೇಳಿದವ್ರು ಯಾರು ಅಂತಲೇ ಇರೋದಿಲ್ಲ. ಶಿರೂರಿನ ದುರಂತ, ಆಮೇಲೆ ಅದೇ ವರ್ಷ ಆಗಸ್ಟ್ 7ರ ಬೆಳಗಿನ ಜಾವ ಕಾರವಾರದಲ್ಲಿ ಕಾಳಿ ಹೊಳೆಯ ಹಳೇ ಸೇತುವೆ ಬಿದ್ದದ್ದು, ಅಂತ ಹೊತ್ತಲ್ಲಿ ಮನೆಯವ್ರಿಗೆ ಬೇಕಾದ್ದು ಮೂರೇ: ನೀವು ಕಣ್ಣಲ್ಲಿ ನೋಡಿದ್ದಾ, ಯಾವಾಗ, ಎಲ್ಲಿ. "ನಾನೀಗ ದೇವಿಮನೆ ಘಟ್ಟದ ಮೇಲೆ ಇದ್ದೇನೆ, ಜುಲೈ 19, ಸಂಜೆ 4-15, ಮರ ಬಿದ್ದಿದೆ, ಕಾರು ಬೈಕು ಹೋಗ್ತಾ ಉಂಟು, ಬಸ್ಸು ಲಾರಿ ನಿಂತಿದ್ದಾವೆ" ಅಂತ ಒಂದು ಮೆಸೇಜು ಹತ್ತು ಫಾರ್ವರ್ಡಿಗೆ ಸಮ. ಒಂದು ಗಂಟೆ ಮೇಲೆ ಮರ ತೆಗ್ದಾಗ ಅದನ್ನೂ ಹಾಕಿ, ಇದನ್ನ ಯಾರೂ ಮಾಡೋದಿಲ್ಲ. ಸತ್ತವ್ರ, ಗಾಯ ಆದವ್ರ ಫೋಟೋ ಹಾಕ್ಬೇಡಿ, ಅವ್ರ ಮನೆಯವ್ರೂ ಯಾವ್ದೋ ಗ್ರೂಪಲ್ಲಿ ಇರ್ತಾರೆ.

ರಿಪ್ಲೈ ಒತ್ತಿ ಉತ್ತರ ಕೊಡಿ ಅಂತ ಯಾಕೆ ಹೇಳ್ತಾರೆ?

ಒಬ್ರು ತೀರ್ಕೊಂಡ ಸುದ್ದಿ, ಇನ್ನೊಬ್ರ ಮಗಳು ಪಾಸಾದ ಸುದ್ದಿ ಒಂದೇ ಮಧ್ಯಾಹ್ನ ಬಂದ್ರೆ ಸಂಜೆ ನೆಟ್‌ವರ್ಕಿಗೆ ಬಂದವ್ರೆಲ್ಲ "ಓಂ ಶಾಂತಿ", "ಅಭಿನಂದನೆ" ಹಾಕ್ತಾ ಹೋಗ್ತಾರೆ. ಪಾಸಾದ ಹುಡುಗಿ ಫೋಟೋ ಕೆಳಗೆ ಎಂಟು ಓಂ ಶಾಂತಿ. ನಗ್ಬೇಕೋ ಅಳ್ಬೇಕೋ ಗೊತ್ತಾಗೋದಿಲ್ಲ. ಯಾವ ಮೆಸೇಜಿಗೆ ಉತ್ತರವೋ ಅದನ್ನ ಬಲಕ್ಕೆ ಎಳೆದು ಬರೀರಿ, ಆಗ ಮೂಲ ಮೆಸೇಜು ಮೇಲೆ ಕಾಣ್ತದೆ, ಎಷ್ಟ್ ಹೊತ್ತಿಗೆ ಓದಿದ್ರೂ ಸರಿ. ಬರೀ ಧನ್ಯವಾದ, ಹೌದು, ಆಯ್ತು ಅನ್ಲಿಕ್ಕೆ ಮೆಸೇಜು ಒತ್ತಿ ಹಿಡ್ದು ಹೆಬ್ಬೆಟ್ಟೋ ನಮಸ್ಕಾರವೋ ಹಾಕಿ. ಸಾವಿನ ಸುದ್ದಿಗೆ ಹೆಬ್ಬೆಟ್ಟು ಬೇಡ ಮಾರಾಯ್ರೆ, ಅದು ಒಪ್ಪಿಗೆ ಕೊಟ್ಟ ಹಾಗೆ ಕಾಣ್ತದೆ.

ಕಳ್ಸಿದ್ಮೇಲೆ ತಪ್ಪು ಕಂಡ್ರೆ?

15 ನಿಮಿಷದ ಒಳಗಾದ್ರೆ ಮೆಸೇಜ್ ಒತ್ತಿ ಹಿಡ್ದು ತಿದ್ಬಹುದು. ಆಮೇಲೆ ಆದ್ರೆ ಹಳೇದನ್ನ ರಿಪ್ಲೈ ಮಾಡಿ "ತಿದ್ದುಪಡಿ: ಮೀಟಿಂಗ್ 14ಕ್ಕಲ್ಲ, 15ಕ್ಕೆ" ಅಂತ ಹಾಕಿ. ಗುಟ್ಟಲ್ಲಿ ಅಳಿಸ್ಬೇಡಿ, ಅಷ್ಟರಲ್ಲಿ ಓದಿದವ್ರು 14ಕ್ಕೇ ಬರ್ತಾರೆ.

ಉತ್ತರ ಸಿಕ್ತು, ಕೆಲ್ಸ ಆಯ್ತು. ಮತ್ತೆಂತ ಬರೀಲಿಕ್ಕೆ ಇರ್ತದೆ?

ಇರೋದೇ ಅದು! ಹತ್ತು ಜನ ಹತ್ತು ಥರ ಸಲಹೆ ಕೊಟ್ಟಿರ್ತಾರೆ, ಯಾವ್ದು ಮಾಡಿದ್ರಿ, ಎಂತ ಆಯ್ತು ಅಂತ ನೀವು ಹೇಳದಿದ್ರೆ ಮುಂದಿನ ವರ್ಷ ಇನ್ನೊಬ್ರು ಅದೇ ಪ್ರಶ್ನೆ ಕೇಳ್ತಾರೆ, ಅದೇ ಹತ್ತು ಉತ್ತರ ಬರ್ತದೆ. "ಆಗಸ್ಟ್ 3ಕ್ಕೆ ಹೊಳವಾಯ್ತು, ಎರಡ್ನೇ ಔಷಧಿ ಹೊಡ್ಸ್ದೆ, ಬಿದ್ದ ಕಾಯಿ ಎಲ್ಲಾ ಹೆಕ್ಕಿ ತೋಟದಿಂದ ಹೊರಗೆ ಹಾಕ್ಸ್ದೆ, ಹತ್ತು ದಿನಕ್ಕೆ ಉದುರೋದು ಕಡ್ಮೆ ಆಯ್ತು" ಅಂತ ನಾಲ್ಕು ಸಾಲು. ಕಡ್ಮೆ ಆಗ್ಲಿಲ್ಲ ಅಂದ್ರೂ ಹೇಳಿ, ಅದು ಇನ್ನೂ ಉಪಯೋಗ. ಸಲಹೆ ಕೊಟ್ಟವ್ರಿಗೂ ಮುಂದೆ ಉತ್ತರ ಕೊಡೋ ಮನ್ಸು ಬರ್ತದೆ, ಬಾವಿಗೆ ಕಲ್ಲು ಹಾಕಿದ ಹಾಗೆ ಸದ್ದೇ ಇಲ್ದಿದ್ರೆ ಯಾರು ಬರೀತಾರೆ?

ಕೇಳೋ ಮೊದ್ಲು ಹಳೇದನ್ನ ಹುಡುಕಿ ಅಂತಾರೆ. ಹುಡುಕಿದ್ರೆ ಎಂತದೂ ಸಿಗೋದಿಲ್ಲ.

ಮೊಬೈಲು ಅಕ್ಷರ ಹುಡುಕ್ತದೆ, ಅರ್ಥ ಅಲ್ಲ. ಸಿರ್ಸಿ ಅಂತ ಹುಡುಕಿದ್ರೆ ಶಿರಸಿ ಅಂತ ಬರ್ದದ್ದು ಸಿಗೋದಿಲ್ಲ, ಶಿರ್ಸಿ ಅಂತ ಬರ್ದದ್ದೂ ಸಿಗೋದಿಲ್ಲ. ಕುಮ್ಟಾ, ಕುಮಟಾ ಎರಡೂ ಬೇರೆ ಬೇರೆ. ಔಷಧಿ, ಔಷದಿ, ಮದ್ದು ಮೂರನ್ನೂ ಹಾಕಿ ನೋಡಿ, ಪೂರ್ತಿ ಪದ ಬೇಡ, "ಬೋರ್ಡ" ಅಂತ ಮೊದಲರ್ಧ ಹಾಕಿದ್ರೆ ಬೋರ್ಡೊ, ಬೋರ್ಡೋ ಎರಡೂ ಸಿಗೋ ಸಾಧ್ಯತೆ ಜಾಸ್ತಿ. ಇಂಗ್ಲಿಷ್ ಅಕ್ಷರದಲ್ಲೂ ಒಮ್ಮೆ ಹುಡುಕಿ. ಬರೀವಾಗಲೇ ಊರ ಹೆಸ್ರು, ರೋಗದ ಹೆಸ್ರು ಸರಿಯಾಗಿ ಬರ್ದ್ರೆ ಮುಂದಿನವ್ರಿಗೆ ಈ ತಾಪತ್ರಯ ಇಲ್ಲ. ಇಷ್ಟೂ ಮಾಡಿ ಸಿಗ್ಲಿಲ್ಲ ಅಂದ್ರೆ "ಹುಡುಕ್ದೆ, ಸಿಗ್ಲಿಲ್ಲ" ಅಂತ ಮೊದ್ಲೇ ಬರ್ದು ಕೇಳಿ, ಆಗ "ಹಿಂದೆ ಹೇಳಿ ಆಗಿದೆ, ಮೇಲೆ ನೋಡಿ" ಅಂತ ಯಾರೂ ಅನ್ನೋದಿಲ್ಲ.